ಮುದ್ದಣನ ಮರೆವೇಷ

ನಂದಳಿಕೆಯ ಲಕ್ಷ್ಮೀನಾರಣಪ್ಪನು (೧೮೭೦–೧೯೦೧) ತನ್ನ ಕೃತಿಗಳನ್ನು ಪ್ರಾಚೀನ ಗ್ರಂಥಗಳೆಂದು ಹೇಳಿ ಮೈಸೂರಿಗೆ ಕಳುಹಿಸಿ ಪ್ರಕಟಪಡಿಸಿದ ಸಂಗತಿಯು ಸರ್ವವಿದಿತವಾದುದು. ಇದನ್ನು ವಿನಯವೆಂದು ಹೊಗಳುವವರುಂಟು, ವಂಚನೆಯೆಂದು ಹಳಿಯುವವರೂ ಉಂಟು. ಎರಡು ಮಾತುಗಳೂ ಕಾವ್ಯದ ಹೊರಗೇ ನಿಲ್ಲುತ್ತವೆ. ಈ ಮರೆವೇಷವು ಕಾವ್ಯಕ್ಕೆ ಏನು ಮಾಡಿತೆಂಬುದು ವಿಚಾರಾರ್ಹವಾದ ಪ್ರಶ್ನೆ.

ಕಾರಣವೇನೋ ಗೂಢವಾದುದಲ್ಲ. ಎಸ್. ಜಿ. ನರಸಿಂಹಾಚಾರ್ಯರೂ ಎಂ. ಎ. ರಾಮಾನುಜಯ್ಯಂಗಾರ್ಯರೂ ನಡೆಸುತ್ತಿದ್ದ ಕಾವ್ಯಮಂಜರಿಯ ಉದ್ದೇಶವು ಓಲೆಗರಿಗಳಲ್ಲಿ ಅಡಗಿದ್ದ ಹಳಗನ್ನಡ ಗ್ರಂಥಗಳನ್ನು ಬೆಳಕಿಗೆ ತರುವುದು. ಉಡುಪಿಯ ಶಾಲೆಯ ವ್ಯಾಯಾಮೋಪಾಧ್ಯಾಯನೊಬ್ಬನ ಹೊಸ ಹಳಗನ್ನಡಕ್ಕೆ ಅಲ್ಲಿ ಎಡೆಯೆಲ್ಲಿ? ಅದ್ಭುತರಾಮಾಯಣವೂ (೧೮೯೫) ಶ್ರೀರಾಮಪಟ್ಟಾಭಿಷೇಕವೂ (೧೮೯೬) ಹಳೆಯವೆಂಬ ಹೆಸರಿನಿಂದಲೇ ಅಚ್ಚಾದುವು.

ಇಂಗ್ಲೆಂಡಿನ ಬಾಲಕವಿ ಥಾಮಸ್ ಚಾಟರ್ಟನ್ನನು ತನ್ನ ಪದ್ಯಗಳಿಗಾಗಿ ಹದಿನೈದನೆಯ ಶತಮಾನದ ರೌಲಿಯೆಂಬ ಸಂನ್ಯಾಸಿಯನ್ನೇ ಸೃಷ್ಟಿಸಿದನು. ನಮ್ಮ ಕವಿಯ ರೀತಿ ಬೇರೆ. ಮುದ್ದಣನೆಂಬುದು ಅವನನ್ನು ಎಳೆತನದಲ್ಲಿ ಮನೆಯವರು ಕರೆಯುತ್ತಿದ್ದ ಹೆಸರು. ಹೆಸರು ನಿಜ, ಕಾಲಮಾತ್ರ ಸುಳ್ಳು.

ಶ್ರೀರಾಮಾಶ್ವಮೇಧದಲ್ಲಿ ಆ ಕಾಲದ ಸುಳ್ಳನ್ನೂ ಕೃತಿಯೇ ಬಯಲುಮಾಡುತ್ತದೆ. ಮಳೆಗಾಲದಲ್ಲಿ ಅರಮನೆಯಿಂದ ಮನೆಗೆ ಬಂದ ಕವಿ. ಕಥೆ ಬೇಡುವ ಮಡದಿ ಮನೋರಮೆ. ಪದ್ಯವನ್ನೊಲ್ಲದೆ ಗದ್ಯದಲ್ಲಿಯೇ ಹೇಳೆಂಬ ಅವಳ ಹಟ! ಸಂಸ್ಕೃತದ ಬಿಗುಮಾನವನ್ನು ಅವಳು ಕೆಣಕುತ್ತಾಳೆ, ಅವನು ಮತ್ತೆ ಅವಳನ್ನು ಕೆಣಕುತ್ತಾನೆ. ವಡ್ಡಾರಾಧನೆಯಲ್ಲಾಗಲಿ ಚಾವುಂಡರಾಯಪುರಾಣದಲ್ಲಾಗಲಿ ಇಂತಹ ಗೃಹಸಲ್ಲಾಪಕ್ಕೆ ಸಮಾನವಾದುದಿಲ್ಲ. ಶಬ್ದರೂಪಗಳನ್ನು ಮಾತ್ರ ನೋಡಿದವರಿಗೆ ಇದು ಹಳತೆಂದು ತೋರಿದುದು ಸಹಜ. ಮಾತಿನ ಹದವನ್ನು ಕೇಳಿದವರಿಗೆ ಸಂದೇಹ ಹುಟ್ಟಬೇಕಾಗಿದ್ದಿತು. ರತ್ನಾವತೀಕಲ್ಯಾಣ, ಕುಮಾರವಿಜಯಗಳೆಂಬ ಯಕ್ಷಗಾನಪ್ರಸಂಗಗಳನ್ನು ಬರೆದವನಿಗೆ ಅರ್ಥಧಾರಿಗಳ ಸವಾಲು ಜವಾಬುಗಳು ಕಿವಿಯಲ್ಲಿ ತುಂಬಿದ್ದುವು. ಮನೋರಮೆಯ ಚುರುಕುನುಡಿಯ ಮೂಲವು ಪಂಪರನ್ನರಲ್ಲಿರದೆ ಅಲ್ಲಿಯೇ ಇರುವಂತೆ ತೋರುತ್ತದೆ.

ಆದುದರಿಂದ ವೇಷವು ಕವಿಗೆ ಕೇವಲ ಪ್ರಕಟನೆಯ ಉಪಾಯವಾಗಿರಲಿಲ್ಲ. ತನ್ನ ಹೆಸರಿನಲ್ಲಿ ಬರೆದಿದ್ದರೆ ಪಂಡಿತರಿಗಂಜಿ ಪ್ರೌಢನಾಗಬೇಕಾಗುತ್ತಿದ್ದಿತು. ಹಳೆಯವನಾಗಿ ಬರೆದುದರಿಂದ ಸ್ವಚ್ಛಂದನಾದನು. ಅದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ: ೧೯೦೧ರಲ್ಲಿ ಕ್ಷಯರೋಗದಿಂದ ಅವನು ತೀರಿಕೊಂಡಾಗ, ಮುದ್ದಣನನ್ನು ಓದಿ ಮೆಚ್ಚಿದವರಲ್ಲಿ ಬಹುಮಂದಿಗೆ ಲಕ್ಷ್ಮೀನಾರಣಪ್ಪನಾರೆಂಬುದು ತಿಳಿದಿರಲಿಲ್ಲ.

ಆದರೂ ಒಂದು ದೋಷವನ್ನು ಹೇಳಲೇಬೇಕು. ಕಥಾಭಾಗದ ಯುದ್ಧವರ್ಣನೆಗಳಲ್ಲಿ ವೇಷವು ವೇಷಧಾರಿಯನ್ನೇ ನುಂಗಿದೆ. ಅಲ್ಲಿರುವುದು ಪೂರ್ವಕವಿಗಳ ಬಳಸಿದ ಸಾಮಗ್ರಿ; ಓದುವವನು ದಣಿಯುತ್ತಾನೆ. ಮನೋರಮೆ ನಡುವೆ ಬಾಯಿಹಾಕಿದೊಡನೆ ಗದ್ಯಕ್ಕೆ ಉಸಿರು ಮರಳುತ್ತದೆ.