ಬಾಯಿ ಬಿಗಿಯುವ ಮುನ್ನ

ಹಾರಿಸಿದ ಹಿತ್ತಾಳೆ ಕೇಸಿಗೆ ಮತ್ತೆ ಪ್ರೈಮರ್ ಕೂರಿಸಿ, ಮದ್ದು ಹಾಕಿ, ಗುಂಡು ಇಟ್ಟು ತೋಟಾ ಮಾಡಿಕೊಳ್ಳುವ ರೀಲೋಡಿಂಗ್ ಅಮೆರಿಕದ ಬೇಟೆಗಾರರ ಹಳೆಯ ಹವ್ಯಾಸ. ಮಿಶಿಗನ್, ಓಹಾಯೊದಂಥ ರಾಜ್ಯಗಳು ಜಿಂಕೆ ಬೇಟೆಗೆ ನೇರ ಗೋಡೆಯ ಕೇಸಿನ ರೈಫಲ್‌ಗಳನ್ನು ಒಪ್ಪಿಕೊಂಡ ಮೇಲೆ ಈ ತೋಟಾಗಳಿಗೆ ಬೇಡಿಕೆ ಹೆಚ್ಚಿದೆ. ಕೇಸಿನ ಬಾಯನ್ನು ಗುಂಡಿಗೆ ಬಿಗಿಯುವ ಕೆಲಸ, ಅಂದರೆ ಕ್ರಿಂಪ್, ಹೊಸಬರಿಗೆ ಕಲಿಸುವ ರೀತಿಯ ಬಗ್ಗೆ ನನ್ನ ತಕರಾರಿದೆ. ಕೇಸನ್ನು ಒತ್ತುವ ಅಚ್ಚನ್ನು, ಅಂದರೆ ಡೈಯನ್ನು, ಎಷ್ಟು ಸುತ್ತು ತಿರುಗಿಸಬೇಕು ಎಂದು ಹೇಳಿಕೊಡುತ್ತಾರೆ. ತೋಟಾ ಯಾವ ಕೋವಿಗೆ ಹೋಗುತ್ತದೆ ಎಂದು ಮೊದಲು ಕೇಳುವುದಿಲ್ಲ.

1873ರಲ್ಲಿ ಅಮೆರಿಕದ ಸೈನ್ಯಕ್ಕೆಂದು ಬಂದ .45-70 ತೋಟಾವನ್ನೇ ನೋಡಿ. ಒಂದೊಂದೇ ತೋಟಾ ಕೈಯಲ್ಲಿ ಹಾಕುವ ಹಳೆಯ ಸಿಂಗಲ್ ಶಾಟ್ ರೈಫಲ್‌ಗಾದರೆ, ಗುಂಡು ಇಳಿಯಲೆಂದು ಅರಳಿಸಿದ ಬಾಯನ್ನು ನೆಟ್ಟಗೆ ಮಾಡಿದರೆ ಬಹುಪಾಲು ಸಾಕು. ಅದೇ ತೋಟಾ ಮಾರ್ಲಿನ್ 1895ರಂಥ ಲಿವರ್ ರೈಫಲ್‌ನ ಕೊಳವೆ ಮ್ಯಾಗಜೀನಿಗೆ ಹೋದರೆ ಕಥೆಯೇ ಬೇರೆ. ಅಲ್ಲಿ ತೋಟಾಗಳು ಒಂದರ ಹಿಂದೊಂದು ಮಲಗಿರುತ್ತವೆ. ಪ್ರತಿ ಹೊಡೆತದ ಒದೆತಕ್ಕೂ ಹಿಂದಿನ ತೋಟಾದ ಮೂತಿಗೆ ಮುಂದಿನದರ ತಳ ಬಡಿಯುತ್ತದೆ. ಗುಂಡು ಒಳಕ್ಕೆ ಜಾರಿದರೆ ಮದ್ದಿನ ಜಾಗ ಕಿರಿದಾಗಿ ಒತ್ತಡ ಏರುತ್ತದೆ. ಆದ್ದರಿಂದ ಗುಂಡಿನ ಗೀರಿನೊಳಕ್ಕೆ ಬಾಯಿ ಮಡಚುವ ರೋಲ್ ಕ್ರಿಂಪ್ ಇಲ್ಲಿ ಬೇಕೇ ಬೇಕು.

ಇದನ್ನು ಕಲಿತವರು ಇನ್ನೊಂದು ನೇರ ಗೋಡೆಯ ತೋಟಾವಾದ .450 ಬುಶ್‌ಮಾಸ್ಟರ್‌ಗೂ ಹಾಗೇ ಮಾಡಿದರೆ ಕೆಡುತ್ತದೆ. .45-70ಕ್ಕೆ ತಳದ ಅಂಚು ಹೊರಚಾಚಿದೆ; ಛೇಂಬರಿನಲ್ಲಿ ತೋಟಾ ಅದರ ಮೇಲೆ ನಿಲ್ಲುತ್ತದೆ. ಬುಶ್‌ಮಾಸ್ಟರ್‌ ನಿಲ್ಲುವುದು ಕೇಸಿನ ಬಾಯಂಚಿನ ಮೇಲೆ. ಅದನ್ನೇ ಒಳಕ್ಕೆ ಮಡಚಿದರೆ ತೋಟಾ ಮುಂದೆ ಸರಿಯಬಹುದು, ಪ್ರೈಮರಿಗೆ ಪೆಟ್ಟು ಸಾಲದೆ ಹೋಗಬಹುದು. ಇದಕ್ಕೆ ಬಾಯನ್ನು ಇಳಿಜಾರಾಗಿ ಒತ್ತುವ ಟೇಪರ್ ಕ್ರಿಂಪ್, ಅದೂ ಹಗುರವಾಗಿ.

ಅದಕ್ಕಿಂತ ಮುಖ್ಯವಾದದ್ದನ್ನು ಕಲಿಸುವವರು ಹಾರಿಸಿಬಿಡುತ್ತಾರೆ: ಕೇಸುಗಳ ಉದ್ದ. ಹಾರಿಸಿದಷ್ಟೂ ಹಿತ್ತಾಳೆ ಉದ್ದವಾಗುತ್ತದೆ. ಅಳೆದು ಸಮನಾಗಿ ಕತ್ತರಿಸದೆ ಒಂದೇ ಡೈ ಅಳತೆಯಲ್ಲಿ ಒತ್ತಿದರೆ, ಗಿಡ್ಡ ಕೇಸಿಗೆ ಬಿಗಿ ಸಾಲದು, ಉದ್ದದ್ದಕ್ಕೆ ಹೆಚ್ಚಾಗುತ್ತದೆ. ಬಿಗಿ ಹೆಚ್ಚಾದ ಕೇಸಿನ ಬಾಯಿಯ ಕೆಳಗೆ ಹೆಬ್ಬೆರಳು ಸವರಿದರೆ ಸಣ್ಣ ಉಬ್ಬು ಸಿಗುತ್ತದೆ. ಛೇಂಬರಿನಲ್ಲಿ ಸಿಕ್ಕಿಕೊಳ್ಳುವುದು ಅಂಥ ತೋಟಾವೇ. ಗುಂಡನ್ನು ಇಳಿಸುತ್ತಲೇ ಬಿಗಿಯುವ ಒಂದೇ ಡೈಯ ಅಭ್ಯಾಸವನ್ನೂ ನಾನು ಒಪ್ಪೆ. ಗುಂಡು ಇನ್ನೂ ಇಳಿಯುತ್ತಿರುವಾಗಲೇ ಬಾಯಿ ಕಚ್ಚಿ ಸೀಸ ಕೆರೆದುಹೋಗುತ್ತದೆ. ಎರಡೂ ಕೆಲಸ ಬೇರೆ ಬೇರೆಯಾಗಿ ಮಾಡಿದರೆ ಖರ್ಚಾಗುವುದು ಕೊಂಚ ಹೊತ್ತು ಮಾತ್ರ.

ಕ್ರಿಂಪ್ ಮೇಲೇ ಎಲ್ಲ ಭಾರ ಹಾಕುವುದೂ ತಪ್ಪು. ಗುಂಡನ್ನು ಹಿಡಿದಿಡುವ ಮೊದಲ ಬಲ ಸರಿಯಾಗಿ ಸೈಜ್ ಮಾಡಿದ, ಅಂದರೆ ಒತ್ತಿ ಮತ್ತೆ ಅಳತೆಗೆ ತಂದ, ಕೇಸಿನ ಗೋಡೆಯದ್ದು. ಪರೀಕ್ಷಿಸುವುದು ಸುಲಭ: ಪ್ರೈಮರ್, ಮದ್ದು ಇಲ್ಲದ ಮಾದರಿ ತೋಟಾದ ಉದ್ದ ಅಳೆದು, ಮೂತಿಯನ್ನು ಮರದ ಮೇಜಿಗೆ ಒತ್ತಿ, ಮತ್ತೆ ಅಳೆಯಬೇಕು. ಉದ್ದ ಕಡಿಮೆಯಾಗಿದ್ದರೆ ಕ್ರಿಂಪ್ ಡೈಯನ್ನು ಇನ್ನಷ್ಟು ಇಳಿಸುವ ಮೊದಲು ಸೈಜಿಂಗ್ ಡೈ ನೋಡಬೇಕು, ಬಾಯಿ ಅತಿಯಾಗಿ ಅರಳಿದೆಯೇ ಎಂದು ನೋಡಬೇಕು.

.45-70ಕ್ಕೆ ಲೀ ಕಂಪನಿಯ ಫ್ಯಾಕ್ಟರಿ ಕ್ರಿಂಪ್ ಡೈ ನನಗೆ ಮೆಚ್ಚುಗೆ. ಅದರೊಳಗಿನ ಸೀಳು ಉಂಗುರ, ಅಂದರೆ ಕಾಲೆಟ್, ಬಾಯನ್ನು ಸುತ್ತಲಿಂದ ಹಿಂಡುತ್ತದೆ, ಮೇಲಿಂದ ತಳ್ಳುವುದಿಲ್ಲ. ಉದ್ದದಲ್ಲಿ ಕೂದಲೆಳೆ ವ್ಯತ್ಯಾಸವಿದ್ದರೂ ಕೇಸು ಉಬ್ಬುವುದಿಲ್ಲ. ಆದರೆ ಒಳಗೆ ಸಡಿಲವಾಗಿ ಕೂತ ಗುಂಡಿನ ಕೊರತೆಯನ್ನು ಅದು ತುಂಬಿಕೊಡುವುದಿಲ್ಲ.