ತೆಂಕಣದಿಂದ ಬಂದ ಸೂತ್ರಧಾರಿಯೇ?

ಪಟ್ಟದಕಲ್ಲಿಗೆ ಹೋದವರಿಗೆ ಸಿಗುವ ಕಥೆ ಹೆಚ್ಚುಕಡಿಮೆ ಒಂದೇ. ಬಾದಾಮಿ ಚಾಲುಕ್ಯರ ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ, ಅಲ್ಲಿನ ಕೈಲಾಸನಾಥ ಗುಡಿಗೆ ಮಾರುಹೋದ, ಮರಳುವಾಗ ಶಿಲ್ಪಿಗಳನ್ನೂ ಕರೆತಂದು ಮಲಪ್ರಭೆಯ ದಂಡೆಯ ಮೇಲೆ ಅಂಥದೇ ಇನ್ನೊಂದನ್ನು ಕಟ್ಟಿಸಿದ. ಕೇಳಲು ಸೊಗಸಾದ ಕಥೆ. ಆದರೆ ವಿರೂಪಾಕ್ಷ ಗುಡಿಯನ್ನು ಸಾವಕಾಶವಾಗಿ ಒಂದು ಸುತ್ತು ಹಾಕಿದರೆ ಅದರ ಬಿಗಿ ಸಡಿಲಾಗುತ್ತದೆ.

ಕಥೆಗೆ ಆಧಾರವೇ ಇಲ್ಲವೆಂದಲ್ಲ. ಗಂಡ ಮೂರು ಸಲ ಕಂಚಿಯನ್ನು ಗೆದ್ದ ನೆನಪಿಗೆ ಹೈಹಯ ವಂಶದ ರಾಣಿ ಲೋಕಮಹಾದೇವಿ ಸುಮಾರು 740ರಲ್ಲಿ ಕಟ್ಟಿಸಿದ ಗುಡಿ ಇದು. ಆಗ ಅದರ ಹೆಸರು ಲೋಕೇಶ್ವರ. ಕಂಚಿಯ ಕೈಲಾಸನಾಥನ ಸಂಪತ್ತನ್ನು ಮುಟ್ಟದೆ ದೇವರಿಗೇ ಬಿಟ್ಟುಕೊಟ್ಟೆನೆಂದು ವಿಕ್ರಮಾದಿತ್ಯ ಅಲ್ಲಿನ ಕಂಬವೊಂದರಲ್ಲಿ ಕನ್ನಡದಲ್ಲೇ ಬರೆಸಿದ್ದಾನೆ. ಪಟ್ಟದಕಲ್ಲಿನ ಶಾಸನಗಳಲ್ಲಿ ಕಟ್ಟಿದವರ ಹೆಸರುಗಳೂ ಇವೆ. ಗುಂಡ ಅನಿವಾರಿತಾಚಾರಿಗೆ ಪೆರ್ಜೆರೆಪು ಎಂಬ ಗೌರವದ ಪಟ್ಟವೂ ತ್ರಿಭುವನಾಚಾರಿ ಎಂಬ ಬಿರುದೂ ಸಂದವು. ಸರ್ವಸಿದ್ಧಿ ಆಚಾರಿಯನ್ನಂತೂ ಶಾಸನ ಬಾಯ್ತುಂಬ ಹೊಗಳುತ್ತದೆ: ಪುರಗಳನ್ನೂ ಮನೆಗಳನ್ನೂ ನಿರ್ಮಿಸಿದವನು, ಯಾನ, ಆಸನ, ಶಯನಗಳ ಕೆಲಸದಲ್ಲಿ ನುರಿತವನು, ತೆಂಕಣ ದಿಸೆಯ ಸೂತ್ರಧಾರಿ. ಈ ತೆಂಕಣ ಎಲ್ಲಿಯದು, ಕಂಚಿಯೇ ಅಥವಾ ಚಾಲುಕ್ಯ ರಾಜ್ಯದ್ದೇ ತೆಂಕಣ ಭಾಗವೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಆತ ಹುಟ್ಟಿದ್ದೆಲ್ಲಿ, ಕಲಿತದ್ದು ಯಾರಲ್ಲಿ, ಮಣ್ಣಾದದ್ದೆಲ್ಲಿ? ಶಾಸನ ತುಟಿ ಬಿಚ್ಚುವುದಿಲ್ಲ.

ಇದಕ್ಕೆ ಪೂರ್ತಿ ತಿರುವುಮುರುವಾದ ಪ್ರಕರಣವೊಂದು ನೆರೆಯ ವಿಜಾಪುರದಲ್ಲೇ ಇದೆ. ಹಾಲೆಂಡಿನ ಹಾರ್ಲೆಮ್‌ನ ಚಿತ್ರಕಾರ ಕಾರ್ನೆಲಿಸ್ ಹೇಡಾ ಪ್ರಾಗ್‌ನಲ್ಲಿ ಎರಡನೆಯ ರುಡಾಲ್ಫ್ ಚಕ್ರವರ್ತಿಯ ಬಳಿ ಇದ್ದು, ಪರ್ಷಿಯಾಕ್ಕೆಂದು ಹೊರಟವನು ಗೋವಾ ಹಾದು 1610ರ ಸುಮಾರಿಗೆ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನ ಸೇರಿದ. ರೋಮನ್ ದೇವತೆಗಳಾದ ವೀನಸ್, ಬಾಕಸ್, ಸೆರೆಸ್‌ರ ಚಿತ್ರ ಬರೆದು ಸುಲ್ತಾನನ ಮನಸ್ಸು ಗೆದ್ದ. ಹೇಡಾನ ಪತ್ರಗಳು ಉಳಿದಿವೆ, ಆದರೆ ಇದು ಅವನದೇ ಎಂದು ಖಾತ್ರಿಯಾಗಿ ತೋರಿಸಬಹುದಾದ ಚಿತ್ರ ಒಂದೂ ಇಲ್ಲ. ಸರ್ವಸಿದ್ಧಿ ಆಚಾರಿಯ ಬದುಕು ಕಳೆದುಹೋಗಿದೆ, ಕೆಲಸ ಕಣ್ಣೆದುರಿಗಿದೆ. ವಿಮರ್ಶಕನಿಗೆ ಆಚಾರಿಯೇ ಲೇಸು.

ಆ ಕೆಲಸ ಏನು ಹೇಳುತ್ತದೆ? ಪ್ರಾಕಾರ, ಅದರೊಳಗಿನ ಪುಟ್ಟ ಗುಡಿಗಳು, ಮೆಟ್ಟಿಲುಮೆಟ್ಟಿಲಾಗಿ ಏರುವ ವಿಮಾನ ಇವೆಲ್ಲ ಕಂಚಿಯನ್ನು ನೆನಪಿಸುವುದು ನಿಜ. ಆದರೆ ಕೈಲಾಸನಾಥದ ವಿಮಾನಕ್ಕೆ ಸುತ್ತಲೂ ಗುಡಿಗಳು ಅಂಟಿಕೊಂಡಿವೆ, ಹಿಂಗಾಲ ಮೇಲೆದ್ದ ಸಿಂಹಗಳು ಗೋಡೆಯುದ್ದಕ್ಕೂ ಗರ್ಜಿಸುತ್ತವೆ. ಇಲ್ಲಿ ಆ ಸಿಂಹಗಳ ಸದ್ದಿಲ್ಲ. ವಿಮಾನದ ಮುಂದೆ ಶುಕನಾಸ ಚಾಚಿದೆ. ಕಂಚಿಯಲ್ಲಿ ಅದು ಇಲ್ಲ. ಗರ್ಭಗುಡಿಯ ಸುತ್ತ ಪ್ರದಕ್ಷಿಣೆಯ ಹಾದಿ, ಅದಕ್ಕೆ ಬೆಳಕು ಕೊಡಲು ಬೇರೆಬೇರೆ ವಿನ್ಯಾಸದ ಜಾಲಂದ್ರಗಳು. ಗರ್ಭಗುಡಿಯ ಮುಂದೆ ಎದುರುಬದುರಾಗಿ ಗಣಪತಿಗೂ ಮಹಿಷಮರ್ದಿನಿಗೂ ಒಂದೊಂದು ಪುಟ್ಟ ಗುಡಿ. ಕಂಡದ್ದನ್ನು ಕಂಡಂತೆ ಕಡೆದವನ ಕೆಲಸವಲ್ಲ ಇದು.

ಇನ್ನೊಂದು ಮಾತು. ಕಂಚಿಯ ಗೆಲುವಿಗೆ ಮೊದಲೇ, ವಿಕ್ರಮಾದಿತ್ಯನ ತಂದೆ ವಿಜಯಾದಿತ್ಯ ಇದೇ ಅಂಗಳದಲ್ಲಿ ಸಂಗಮೇಶ್ವರವನ್ನು ಕಟ್ಟಿಸಿದ್ದ. ಅದೂ ದ್ರಾವಿಡ ಶೈಲಿಯದೇ. ಬಾದಾಮಿಯ ಮಾಲೆಗಿತ್ತಿ ಶಿವಾಲಯ ಅದಕ್ಕಿಂತ ಹಳೆಯದು. ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿ, ಮನೆ ಗುಡಿ ಕಟ್ಟುವುದರಲ್ಲಿ ನರಸೊಬ್ಬನ ಸಮಾನರು ಜಂಬೂದ್ವೀಪದಲ್ಲೇ ಇಲ್ಲವೆನ್ನುವ ಶಾಸನವಿದೆ. ಇಂಥ ಸೊಕ್ಕಿನ ಕಸುಬುದಾರರಿದ್ದ ಸೀಮೆಗೆ ಶಿಲ್ಪವಿದ್ಯೆ ಕೊಳ್ಳೆಯ ಮಾಲಿನಂತೆ ಗಾಡಿಯಲ್ಲಿ ಬಂದಿಳಿಯಿತೆಂದರೆ ನಂಬುವುದು ಕಷ್ಟ. ಸೂತ್ರಧಾರಿ ಹೊರಗಿನಿಂದ ಬಂದವನೇ ಇರಬಹುದು. ಬಂದಾಗ ಅವನಿಗೆ ಸಿಕ್ಕದ್ದು ಪಳಗಿದ ಕೈಗಳು, ಮಣಿಯುವ ಮರಳುಗಲ್ಲು.

ಆ ಕೈಗಳ ಗುರುತು ಒಳಗೆ ಕಾಲಿಡುವ ಮೊದಲೇ ಸಿಗುತ್ತದೆ. ಮೂಡಣ ಮುಖಮಂಟಪದ ಚಾವಣಿಯಲ್ಲಿ ಏಳು ಕುದುರೆಗಳ ರಥದ ಸೂರ್ಯ, ಮುಂದೆ ಸಾರಥಿ ಅರುಣ. ಕತ್ತೆತ್ತಿ ನೋಡುವವನ ತಲೆಯ ಮೇಲೆಯೇ ರಥ ಹಾಯುವಂತಿದೆ. ಕೈಲಾಸವನ್ನೆತ್ತುವ ರಾವಣನ ಶಿಲ್ಪದಲ್ಲಿ ಭಾರವೆಲ್ಲ ಕೆಳಗೆ, ನಿರಾಳವೆಲ್ಲ ಮೇಲೆ: ಮೈಬಾಗಿಸಿ ತಿಣುಕುವ ರಾವಣ, ಪರಿವೆಯೇ ಇಲ್ಲದಂತೆ ಕುಳಿತ ಶಿವ. ಹದಿನೆಂಟು ಕಂಬಗಳ ಸಭಾಮಂಟಪದಲ್ಲಿ ಮಾತ್ರ ಈ ಸಂಯಮ ಅಲ್ಲಲ್ಲಿ ಕೈಕೊಡುತ್ತದೆ. ರಾಮಾಯಣ, ಭಾರತ, ಭಾಗವತಗಳ ಪಟ್ಟಿಕೆಗಳು ಕಂಬಗಳಲ್ಲಿ ಒತ್ತೊತ್ತಾಗಿ ತುಂಬಿವೆ. ಅರೆಬೆಳಕಿನಲ್ಲಿ ಯಾವ ಕಥೆ ಎಲ್ಲಿ ಮುಗಿಯಿತೆಂದು ತಿಳಿಯಲು ಪಕ್ಕದಲ್ಲಿ ಬಲ್ಲವರೊಬ್ಬರು ಇರಬೇಕು. ಹೊರಗೋಡೆಯ ಕೋಷ್ಠಗಳಲ್ಲೂ ಎಲ್ಲ ಮೂರ್ತಿಗಳು ಒಂದೇ ತೂಕದವಲ್ಲ. ಚೆಂಗಮ್ಮ, ಪುಲ್ಲಪ್ಪ, ಬಲದೇವ ಎಂಬಂಥ ಶಿಲ್ಪಿಗಳ ಹೆಸರುಗಳು ಪಟ್ಟದಕಲ್ಲಿನಲ್ಲಿ ಸಿಗುತ್ತವೆ. ಅಷ್ಟು ಜನರ ಉಳಿ ಒಂದೇ ಹದದಲ್ಲಿ ಆಡಬೇಕೆನ್ನುವುದು ಅತಿಯಾಸೆ. ಆದರೂ ಗೋಡೆಯ ಉಬ್ಬುತಗ್ಗುಗಳ ಲಯ ಎಲ್ಲೂ ತಪ್ಪುವುದಿಲ್ಲ. ಆ ಲಯವನ್ನು ಸೂತ್ರಧಾರಿಯ ಲೆಕ್ಕಕ್ಕೇ ಹಾಕಬೇಕು.

ಆ ಲಯ ಕಾಯುವುದು ಎಷ್ಟು ಕಠಿಣವೆಂಬುದು ತುಸು ತೆಂಕಕ್ಕಿರುವ ಪಾಪನಾಥಕ್ಕೆ ಹೋದರೆ ತಿಳಿಯುತ್ತದೆ. ಅಲ್ಲಿನ ಶಾಸನದಲ್ಲಿ ಸರ್ವಸಿದ್ಧಿ ಆಚಾರಿಗಳ ಪರಂಪರೆಗೆ ಸೇರಿದ ರೇವಡಿ ಓವಜ್ಜನ ಹೆಸರಿದೆ. ಎಲ್ಲಿಂದಲೇ ಬಂದಿರಲಿ, ಆಚಾರಿಯ ಹೆಸರು ಹೇಳಿಕೊಳ್ಳುವವರು ಈ ಊರಲ್ಲಿ ಹುಟ್ಟಿಕೊಂಡಿದ್ದರು. ಗುಡಿ ಮಾತ್ರ ಒಂದು ತಲೆಯಿಂದ ಹೊರಟದ್ದೆನಿಸುವುದಿಲ್ಲ. ಮಂಟಪ ಉದ್ದಕ್ಕೆ ಬೆಳೆದಿದೆ, ಅದರ ಕೊನೆಗೆ ನಾಗರ ಶೈಲಿಯ ಶಿಖರ ಸಣ್ಣದಾಗಿ ಕುಳಿತಿದೆ. ಗೋಡೆಗೂ ಶಿಖರಕ್ಕೂ ಹೊಂದಾಣಿಕೆಯಿಲ್ಲ. ಒಂದು ವಿಷಯದಲ್ಲಿ ಪಾಪನಾಥವೇ ಮೇಲು. ವಿರೂಪಾಕ್ಷದ ಕಂಬಗಳಲ್ಲಿ ಕಿಕ್ಕಿರಿದಿದ್ದ ರಾಮಾಯಣ ಇಲ್ಲಿ ಹೊರಗೋಡೆಯ ಬೆಳಕಿಗೆ ಬಂದಿದೆ, ಪಾತ್ರಗಳ ಪಕ್ಕದಲ್ಲಿ ಹೆಸರುಗಳನ್ನೂ ಕೊರೆದಿದ್ದಾರೆ.