ಪಹಣಿಗೊಂದು ಜಾಲಪುಟ: ಸಾಧನದ ಆಯ್ಕೆ ಎಲ್ಲಿಂದ ಆರಂಭವಾಗಬೇಕು?

ಹಳೆಯ ದತ್ತಸಂಚಯವೊಂದನ್ನು ಅಂತರಜಾಲಕ್ಕೆ ತರುವ ಮಾತು ಬಂದೊಡನೆ ನಮ್ಮ ತಂತ್ರಜ್ಞರ ಚರ್ಚೆ ಪಿಎಚ್‌ಪಿಯೋ, ಜಾವಾವೋ, ಡಾಟ್‌ನೆಟ್ಟೋ ಎಂಬಲ್ಲಿಗೆ ಹೋಗಿ ನಿಲ್ಲುತ್ತದೆ. ನಿಜಕ್ಕೂ ಅದು ಕಟ್ಟಕಡೆಗೆ ಕೇಳಬೇಕಾದ ಪ್ರಶ್ನೆ. ಇದಕ್ಕೆ ದೂರದ ಉದಾಹರಣೆ ಬೇಡ, ನಮ್ಮದೇ ‘ಭೂಮಿ’ ಇದೆ.

ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರದ ತಂತ್ರಜ್ಞರು ರೂಪಿಸಿದ ‘ಭೂಮಿ’ 2002ರ ಹೊತ್ತಿಗೆ ರಾಜ್ಯದ ತಾಲ್ಲೂಕು ಕಚೇರಿಗಳನ್ನೆಲ್ಲ ತಲುಪಿತ್ತು. ಸುಮಾರು 2 ಕೋಟಿ ಪಹಣಿಗಳು ಗಣಕ ಸೇರಿದವು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು, 15 ರೂಪಾಯಿಗೆ ಮುದ್ರಿತ ಪ್ರತಿ ಸಿಗತೊಡಗಿತು. ಒಳಗೆ ಎಸ್‌ಕ್ಯೂಎಲ್ ಸರ್ವರ್, ಹೊರಗೆ ವಿಷುಯಲ್ ಬೇಸಿಕ್. ಅರಸೀಕೆರೆಯ ದತ್ತ ಅರಸೀಕೆರೆಯ ಗಣಕದಲ್ಲಿ, ಹಳೇಬೀಡು ಹೋಬಳಿಯದು ಬೇಲೂರಿನ ಗಣಕದಲ್ಲಿ. ಜಾಲಪುಟ ಬಂದದ್ದು ಆಮೇಲೆ.

ಆ ಜಾಲಪುಟದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು ಆರಿಸಿದ ರೈತನಿಗೆ ಮುಂದೆ ‘ಸರ್ನಾಕ್’ ಎಂಬೊಂದು ಪೆಟ್ಟಿಗೆ ಎದುರಾಗುತ್ತದೆ. ಬಹುಪಾಲು ಅಲ್ಲಿ ಕಾಣುವುದು ಒಂದು ನಕ್ಷತ್ರ ಚಿಹ್ನೆ. ಅದೇನೆಂದು ರೈತನಿಗೆ ಯಾರೂ ಹೇಳುವುದಿಲ್ಲ, ಅವನು ಅದನ್ನು ಒತ್ತಿ ಮುಂದೆ ಹೋಗುತ್ತಾನೆ. ದತ್ತಸಂಚಯದ ಒಳಗಿನ ಕೀಲಿ ಹೀಗೆ ಪರದೆಯ ಮೇಲೆ ಬಂದು ಕೂರಬಾರದು. ಕೋಷ್ಟಕದ ಕಂಬಗಳನ್ನು ಓದಿ ತಾನೇ ನಮೂನೆ ತಯಾರಿಸಿಕೊಡುವ ಸಾಧನಗಳು ಬೇಗ ಕೆಲಸ ಮುಗಿಸುತ್ತವೆಂಬುದು ನಿಜ. ಆದರೆ ಅವಕ್ಕೆ ಕಂಬಗಳು ಗೊತ್ತು, ರೈತ ಗೊತ್ತಿಲ್ಲ.

ನೋಡುವ ಪುಟದಲ್ಲಿ ಇದು ಸಣ್ಣ ತೊಡಕು. ಬರೆಯುವ ಪುಟದಲ್ಲಿ ಇದೇ ಧೋರಣೆ ಜಮೀನಿಗೇ ಸಂಚಕಾರ ತರಬಲ್ಲದು. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಬಾಣಾವರದ ಕಡೆಯ ತೆಂಗಿನ ತೋಟವೊಂದರ ಎರಡು ಹಿಸ್ಸಾಗಳು 2 ಎಕರೆ 30 ಗುಂಟೆ, 1 ಎಕರೆ 20 ಗುಂಟೆ ಎಂದಿಟ್ಟುಕೊಳ್ಳಿ. ಒಟ್ಟು 4 ಎಕರೆ 10 ಗುಂಟೆ. ಕಚೇರಿಯ ವಾಡಿಕೆಯಂತೆ ಇವನ್ನು 2.30, 1.20 ಎಂದು ಬರೆದು, ದಶಮಾಂಶವೆಂದೇ ತಿಳಿದ ಹೊಸ ಸಾಧನದ ಕೈಗೆ ಕೊಟ್ಟರೆ ಉತ್ತರ 3.50. ಅದನ್ನು ಯಾರಾದರೂ ಮೂರೂವರೆ ಎಕರೆ ಎಂದು ಓದಿದರೆ 30 ಗುಂಟೆ ಮಾಯ! ಇಂಥ ನಿಯಮಗಳು ಹಳೆಯ ವ್ಯವಸ್ಥೆಗಳಲ್ಲಿ ಎಷ್ಟೋ ಸಲ ಕೋಷ್ಟಕದಲ್ಲಿರುವುದಿಲ್ಲ. ಪರದೆಯ ಹಿಂದಿನ ವಿಷುಯಲ್ ಬೇಸಿಕ್ ಸಾಲುಗಳಲ್ಲಿ ಅಡಗಿರುತ್ತವೆ. ಪರದೆ ಬದಲಿಸಿದಾಗ ನಿಯಮವೂ ಬಿದ್ದುಹೋಗುತ್ತದೆ. ಮ್ಯುಟೇಶನ್‌ನ ಸರದಿ ತಪ್ಪದಿರುವುದು, ತಕರಾರಿಗೆ ಕೊಡುವ ನೋಟೀಸಿನ ಅವಧಿ, ಇವಕ್ಕೂ ಇದೇ ಮಾತು. ಆದ್ದರಿಂದ ನಿಯಮಗಳನ್ನು ಮೊದಲು ಸರ್ವರಿನೊಳಗಿನ ಕ್ರಮವಿಧಿಗಳಿಗೆ ಇಳಿಸಬೇಕು. ಜಾಲಪುಟ ಅವನ್ನು ಕರೆಯಬೇಕೇ ಹೊರತು ಕೋಷ್ಟಕವನ್ನು ನೇರವಾಗಿ ಮುಟ್ಟಬಾರದು. ಇಷ್ಟಾದರೆ ಮೇಲಿನ ಭಾಷೆ ಯಾವುದಾದರೇನು?

ಇನ್ನು ಕನ್ನಡ. ‘ಭೂಮಿ’ ಸಿದ್ಧವಾಗುತ್ತಿದ್ದಾಗಿನ ವಿಂಡೋಸ್ 2000ದಲ್ಲಿ ದೇವನಾಗರಿ ಮತ್ತು ತಮಿಳಿಗೆ ಯೂನಿಕೋಡ್ ಸೌಲಭ್ಯವಿತ್ತು, ಕನ್ನಡಕ್ಕಿರಲಿಲ್ಲ. ಅದು ಬಂದದ್ದು 2001ರ ಎಕ್ಸ್‌ಪಿಯಲ್ಲಿ. ಹಾಗಾಗಿ ಆ ಕಾಲದ ಕಚೇರಿ ದತ್ತಗಳಲ್ಲಿ ಬಹಳಷ್ಟು ಅಕ್ಷರದ ಬದಲು ಫಾಂಟಿನ ತುಣುಕುಗಳಾಗಿ ಉಳಿದಿವೆ. ‘ಧರ್ಮ’ ಎಂಬುದು ಯೂನಿಕೋಡಿನಲ್ಲಿ ಧ, ರ, ವಿರಾಮ, ಮ ಎಂಬ ಕ್ರಮದಲ್ಲಿದ್ದರೆ, ಫಾಂಟಿನ ಸಂಕೇತದಲ್ಲಿ ಧ, ಮ, ಕೊನೆಗೆ ಅರ್ಕಾವತ್ತು. ಕಣ್ಣಿಗೆ ಎರಡೂ ಒಂದೇ, ಹುಡುಕುವ ಯಂತ್ರಕ್ಕೆ ಬೇರೆ ಬೇರೆ. ಅಕಾರಾದಿಯಂತೂ ಪೂರಾ ಕಲಸುಮೇಲೋಗರ. ಇದನ್ನು ಪರಿವರ್ತಿಸದೆ ಫಾಂಟನ್ನೇ ಪುಟದ ಜೊತೆ ಕಳುಹಿಸುವ ಉಪಾಯವನ್ನು ಆಗ ಅನೇಕ ಕನ್ನಡ ತಾಣಗಳು ಹಿಡಿದವು. ಪರದೆಯ ಮೇಲೆ ಕನ್ನಡ ಮೂಡಿತು, ಒಳಗಿನ ಗೊಂದಲ ಹಾಗೇ ಉಳಿಯಿತು. ಪರಿವರ್ತಿಸಿದ ಮೇಲೂ ‘ಹಳೇಬೀಡು’, ‘ಹಳೆಬೀಡು’ ಎರಡೂ ಒಂದೇ ಊರೆಂದು ಸಾಧನಕ್ಕೆ ಹೇಳಿಕೊಡಬೇಕು. ‘ಅರಸಿಕೆರೆ’ಯದೂ ಅದೇ ಕತೆ.

ಫ್ಯಾಷನ್ನಿನ ಸಾಧನಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ವಿಷುಯಲ್ ಬೇಸಿಕ್ 6ರ ಬೆಂಬಲ 2008ಕ್ಕೆ ಮುಗಿಯಿತು. ಫ್ಲಾಶ್ 2020ರಲ್ಲಿ, ಸಿಲ್ವರ್‌ಲೈಟ್ 2021ರಲ್ಲಿ ಹೋದವು. ಆಕ್ಟಿವ್‌ಎಕ್ಸ್ ನಂಬಿದ್ದ ಪುಟಗಳ ಆಸರೆಯಾಗಿದ್ದ ಇಂಟರ್ನೆಟ್ ಎಕ್ಸ್‌ಪ್ಲೋರರ್ 11 ಕೂಡ 2022ರಲ್ಲಿ ನಿವೃತ್ತವಾಯಿತು. ಪಹಣಿ ಅಜ್ಜನಿಂದ ಮೊಮ್ಮಗನಿಗೆ ಬರುವ ದಾಖಲೆ. ಅದಕ್ಕೆ ಸರ್ವರಿನಲ್ಲೇ ತಯಾರಾಗುವ, ಯಾವ ಬ್ರೌಸರಿನಲ್ಲೂ ತೆರೆದುಕೊಳ್ಳುವ ಸರಳ ಎಚ್‌ಟಿಎಂಎಲ್ ಪುಟವೇ ಸರಿಯೆಂದು ನನ್ನ ಮತ. ನೋಡಲು ಸಪ್ಪೆ, ಒಪ್ಪುತ್ತೇನೆ.

ಮಾರಾಟಗಾರರು ಸಾಧನವನ್ನು ಪ್ರದರ್ಶಿಸುವಾಗ ತಮ್ಮದೇ ಮಾದರಿ ದತ್ತ ತರುತ್ತಾರೆ. ಅದರ ಬದಲು ಅರೇಹಳ್ಳಿ ಕಡೆಯ ಹಲವು ಪಾಲುದಾರರ ಕಾಫಿ ತೋಟದ ಪಹಣಿಯೊಂದು, ಖರಾಬು ಇರುವ ಜಾವಗಲ್ ಕಡೆಯ ರಾಗಿ ಹೊಲದ್ದೊಂದು, ಅರ್ಕಾವತ್ತಿರುವ ಹೆಸರಿನದೊಂದನ್ನು ಅವರ ಕೈಗಿತ್ತು, ಹಿಸ್ಸಾ ಮಾಡಿ ತೋರಿಸಿ ಎನ್ನಬೇಕು. ಮುದ್ರಿಸಿದ ಹಾಳೆಯನ್ನು ಹಳೆಯ ಪಹಣಿಯ ಪಕ್ಕ ಇಟ್ಟು, ಗುಂಟೆ ಆಣೆಗಳನ್ನು ಗ್ರಾಮಲೆಕ್ಕಿಗರೇ ತಾಳೆ ನೋಡಲಿ.